ಡಿವಿಡಿ, ಸಿಡಿ ಕೇಸಿನ ಕವರ್ ಮನೆಯಲ್ಲೇ ಮಾಡೋದು: ಅಳತೆ, ಕಾಗದ, ಪ್ರಿಂಟ್ ಸೆಟಿಂಗ್

ಖಾಲಿಕೇಸು

ನಮಸ್ಕಾರ. ಸಾಮಾನ್ಯ ಕಪ್ಪು ಡಿವಿಡಿ ಕೇಸಿಗೆ ಕವರ್ ಮಾಡಬೇಕು, ಬೆನ್ನಿನ ಅಗಲ 14 ಮಿ.ಮೀ. ಜಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ 273 × 183 ಮಿ.ಮೀ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಟ್ಟು ಡಿಸೈನ್ ಆಗಿದೆ. ಅದನ್ನು ಎ4 ಪುಟದ ನಡುವೆ ಕೂರಿಸಿ ಪಿಡಿಎಫ್ ತೆಗೆದಿದ್ದೇನೆ. ಪ್ರಿಂಟರ್ ಇಂಕ್‌ಜೆಟ್, ಕಾಗದ 230 ಜಿಎಸ್‌ಎಂ (ಚದರ ಮೀಟರಿಗೆ 230 ಗ್ರಾಂ) ಗ್ಲಾಸಿ ಫೋಟೊ ಪೇಪರ್.

ತೊಂದರೆಗಳು ನಾಲ್ಕು. ಅಗಲ 273 ಬರಬೇಕಾದಲ್ಲಿ 265 ಬರುತ್ತಿದೆ. ಬೆನ್ನಿನ ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಕೇಸಿನ ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸುವಾಗ ಕಾಗದ ಅರ್ಧಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಬೆನ್ನಿನ ಮೇಲಿನ ಕನ್ನಡ ಶೀರ್ಷಿಕೆಯಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗಿದೆ. ಯಾವುದನ್ನು ಮೊದಲು ಸರಿ ಮಾಡಿಕೊಳ್ಳಲಿ?

ಅಳತೆಪಟ್ಟಿ

ಅಳತೆ ಮೊದಲು. ಅದು ಸರಿಯಾಗುವವರೆಗೆ ಉಳಿದದ್ದನ್ನು ಪರೀಕ್ಷಿಸಿ ಪ್ರಯೋಜನವಿಲ್ಲ.

265 ಎಂದರೆ 273ರ ಶೇಕಡಾ 97. ಡಿಸೈನಿನಲ್ಲಿ ತಪ್ಪಿಲ್ಲ, ಪ್ರಿಂಟ್ ಕಿಟಕಿಯಲ್ಲಿರುವ 'ಫಿಟ್' ಆಯ್ಕೆ ಪುಟವನ್ನು ಕುಗ್ಗಿಸುತ್ತಿದೆ. ಪ್ರಿಂಟರಿಗೆ ಹಾಳೆಯ ಅಂಚಿನ ಕೆಲವು ಮಿ.ಮೀ ಮುದ್ರಿಸಲು ಬರುವುದಿಲ್ಲ, ಹಾಗಾಗಿ ಸಾಫ್ಟ್‌ವೇರು ಇಡೀ ಎ4 ಪುಟವನ್ನು ಮುದ್ರಿಸಬಲ್ಲ ಜಾಗದೊಳಗೆ ತುರುಕುತ್ತದೆ. 'ಆಕ್ಚುಯಲ್ ಸೈಜ್' ಅಥವಾ 'ಸ್ಕೇಲ್ 100%' ಆರಿಸಿ. ಪ್ರಿಂಟರ್ ನಡೆಸುವ ಸಾಫ್ಟ್‌ವೇರಾದ ಡ್ರೈವರಿನ ಒಳಗೂ ಇಂಥದ್ದೇ ಇನ್ನೊಂದು ಆಯ್ಕೆ ಇರುವುದುಂಟು, ಅದನ್ನೂ ತೆಗೆಯಿರಿ. 'ಬಾರ್ಡರ್‌ಲೆಸ್' ಅಂತೂ ಬೇಡವೇ ಬೇಡ: ಅಂಚಿನಲ್ಲಿ ಬಿಳಿ ಉಳಿಯದಿರಲಿ ಎಂದು ಅದು ಚಿತ್ರವನ್ನು ಬೇಕೆಂದೇ ಕೊಂಚ ಹಿಗ್ಗಿಸುತ್ತದೆ. ಕವರ್ ಹೇಗೂ ಎ4ಗಿಂತ ಚಿಕ್ಕದು, ಕತ್ತರಿಸುವಂಥದ್ದು.

ಜೆಪೆಗ್ ಫೈಲನ್ನು ಫೋಟೊ ನೋಡುವ ಆ್ಯಪ್‌ನಿಂದ ನೇರ ಪ್ರಿಂಟ್ ಕೊಡುವವರಿಗೂ ಒಂದು ಮಾತು. ಅವು ಅಳತೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಹಾಳೆ ತುಂಬುವಂತೆ ಹಿಗ್ಗಿಸುತ್ತವೆ ಅಥವಾ ಅಂಚು ಕತ್ತರಿಸುತ್ತವೆ. ಎ4 ಪುಟದ ಪಿಡಿಎಫ್ ಮಾಡಿ ಪ್ರಿಂಟ್ ಕೊಡುವುದೇ ಸರಿ.

ಒಳ್ಳೆಯ ಕಾಗದ ಹಾಳು ಮಾಡುವ ಮುಂಚೆ ಸಾಧಾರಣ ಹಾಳೆಯಲ್ಲಿ ಒಂದು ಪರೀಕ್ಷೆ: ಅಡ್ಡ 200 ಮಿ.ಮೀ, ಉದ್ದ 100 ಮಿ.ಮೀ, ಎರಡು ಗೆರೆ ಎಳೆದು ಪ್ರಿಂಟ್ ತೆಗೆದು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಅಳೆಯಬೇಕು, ಏಕೆಂದರೆ ಹಾಳೆ ಉರುಳುವ ದಿಕ್ಕಿನಲ್ಲಿ ಮಾತ್ರ ಅರ್ಧ ಮಿ.ಮೀ ವ್ಯತ್ಯಾಸ ತೋರಿಸುವ ಪ್ರಿಂಟರುಗಳಿವೆ. ಅಷ್ಟು ವ್ಯತ್ಯಾಸ ಡಿವಿಡಿ ಕವರಿಗೆ ಏನೂ ಅಲ್ಲ. 2 ಮಿ.ಮೀ ಆದರೆ ಬೆನ್ನು ಪಕ್ಕಕ್ಕೆ ಜಾರುತ್ತದೆ.

ನಿಮ್ಮ ಕ್ಯಾನ್ವಾಸಿನಲ್ಲಿ ಬ್ಲೀಡ್ (ಕತ್ತರಿಸಿ ತೆಗೆಯಲೆಂದು ಅಂಚಿನಾಚೆ ಬಿಡುವ ಹೆಚ್ಚುವರಿ ಚಿತ್ರ) ಇದ್ದ ಹಾಗಿಲ್ಲ. ನಾಲ್ಕೂ ಕಡೆ 3 ಮಿ.ಮೀ ಸೇರಿಸಿದರೆ 279 × 189 ಆಗುತ್ತದೆ, 300 ಡಿಪಿಐಗೆ 3295 × 2232 ಪಿಕ್ಸೆಲ್. ಎಡಗಡೆಯಿಂದ ಗೈಡ್‌ಗಳು (ಕತ್ತರಿಸುವ, ಮಡಿಸುವ ಜಾಗದ ಗುರುತುಗೆರೆಗಳು): 3 ಮಿ.ಮೀ, 132.5, 146.5, 276. ಮುದ್ರಣ ಮೇಲೆ ಕಾಣುವಂತೆ ಹಾಳೆ ಬಿಡಿಸಿಟ್ಟಾಗ ಎಡಕ್ಕೆ ಹಿಂಬದಿ, ನಡುವೆ ಬೆನ್ನು, ಬಲಕ್ಕೆ ಮುಂಬದಿ. ಇದನ್ನು ತಿರುವುಮುರುವು ಮಾಡಿದ ಟೆಂಪ್ಲೇಟುಗಳೂ ಓಡಾಡುತ್ತಿರುತ್ತವೆ, ಎಚ್ಚರ.

ಶಾಯಿಬುಡ್ಡಿ

ಎರಡನೇದು, ಮೂರನೇದು ಎರಡಕ್ಕೂ ಕಾರಣ ಆ ಕಾಗದಾನೇ. 230 ಜಿಎಸ್‌ಎಂ ಗ್ಲಾಸಿ ಫೋಟೊ ಪೇಪರ್ ಈ ಕೆಲಸಕ್ಕೆ ಆಗಿಬರಲ್ಲ.

ಕೇಸಿನ ಹೊರಗಡೆ ಇರೋ ಪಾರದರ್ಶಕ ಹಾಳೆ ನುಣುಪು, ಗ್ಲಾಸಿ ಕಾಗದದ ಮೈಯೂ ನುಣುಪು. ಎರಡು ನುಣುಪು ಮೈ ನಡುವೆ ಗಾಳಿ ನಿಲ್ಲಲ್ಲ, ಅಂಟ್ಕೊಳ್ಳತ್ತೆ. ಒಳಗೆ ಹೋದ್ಮೇಲೂ ಅಲ್ಲಲ್ಲಿ ಒದ್ದೆ ಕಲೆ ಥರ ಮಚ್ಚೆ ಕಾಣತ್ತೆ, ಅದು ಅಂಟಿದ ಜಾಗ. ಮ್ಯಾಟ್ ಕಾಗದ ಹಾಕಿ. ಹೊಳಪು ಹೋಗತ್ತೆ ಅಂತ ಚಿಂತೆ ಬೇಡ, ಮೇಲಿರೋ ಪ್ಲಾಸ್ಟಿಕ್ಕೇ ಹೊಳಪು ಕೊಡತ್ತೆ. ಪ್ಲಾಸ್ಟಿಕ್ಕಿನೊಳಗೆ ಗ್ಲಾಸಿ ಕಾಗದ ಹಾಕೋದು ದುಡ್ಡು ದಂಡ.

ತೂಕ: 120ರಿಂದ 140 ಜಿಎಸ್‌ಎಂ ಮ್ಯಾಟ್ ಇಂಕ್‌ಜೆಟ್ ಕಾಗದ ನನ್ನ ಲೆಕ್ಕದಲ್ಲಿ ಸರಿಯಾದ್ದು. 160–170ರ ತನಕ ನಡೆಯತ್ತೆ. 200 ದಾಟಿದ್ರೆ ಬೆನ್ನು ಮಡಿಯಲ್ಲ, ಮುರಿಯತ್ತೆ. ಕೇಸ್ ಮುಚ್ಚಿದಾಗ ಪ್ಲಾಸ್ಟಿಕ್ ಬಿಗಿದು ಅಂಚು ಉಬ್ಬತ್ತೆ. ಇತ್ತ 80 ಜಿಎಸ್‌ಎಂ ಆಫೀಸ್ ಹಾಳೇಲಿ ಕಪ್ಪು ಕೇಸು ಹಿಂದಿನಿಂದ ಹಾಯ್ದು ಇಡೀ ಚಿತ್ರ ಮಬ್ಬಾಗತ್ತೆ, ಜೊತೆಗೆ ಗಾಢ ಬಣ್ಣ ಇರೋ ಕಡೆ ಶಾಯಿ ಕುಡಿದು ಕಾಗದ ಅಲೆಅಲೆಯಾಗತ್ತೆ.

ಮ್ಯಾಟ್ ಇಂಕ್‌ಜೆಟ್ ಕಾಗದಕ್ಕೆ ಸಾಮಾನ್ಯವಾಗಿ ಒಂದೇ ಬದಿ ಲೇಪ. ಹೆಚ್ಚು ಬೆಳ್ಳಗಿರೋದು ಲೇಪದ ಬದಿ. ಗೊತ್ತಾಗದಿದ್ರೆ ಬೆರಳ ತುದಿ ಒದ್ದೆ ಮಾಡಿ ಮೂಲೆಗೆ ಮುಟ್ಟಿಸಿ, ಅಂಟಂಟು ಅನ್ನಿಸಿದ್ದು ಲೇಪದ ಬದಿ. ಉಲ್ಟಾ ಬದೀಲಿ ಹೊಡೆದ್ರೆ ಅಕ್ಷರದ ಅಂಚು ಹರಡತ್ತೆ, ಬಣ್ಣ ಮಸುಕಾಗತ್ತೆ.

ಡ್ರೈವರಲ್ಲಿ ಕಾಗದದ ಬಗೆ 'ಮ್ಯಾಟ್' ಅಂತಾನೇ ಆರಿಸಿ. ನಾಲ್ಕು ಬಣ್ಣದ ಹಲವು ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್‌ಮೆಂಟ್, ಉಳಿದ ಮೂರು ಡೈ (ಪಿಗ್‌ಮೆಂಟ್ ಅಂದ್ರೆ ನುಣ್ಣನೆ ಬಣ್ಣದ ಕಣಗಳ ಶಾಯಿ, ಡೈ ಅಂದ್ರೆ ಕರಗಿದ ಬಣ್ಣದ ಶಾಯಿ). 'ಗ್ಲಾಸಿ' ಅಂತ ಕೊಟ್ರೆ ಆ ಕಪ್ಪನ್ನ ಅದು ಮುಟ್ಟೋದೇ ಇಲ್ಲ, ಮೂರು ಬಣ್ಣ ಬೆರೆಸಿ ಕಪ್ಪು ಮಾಡತ್ತೆ. ಅದು ಕಂದು ಕಂದು ಕಾಣತ್ತೆ.

ಖಾಲಿಕೇಸು

ಬಹಳ ಉಪಕಾರ ಇಬ್ಬರಿಗೂ. 100% ಇಟ್ಟ ಮೇಲೆ ಅಳತೆ ಸರಿಬಂತು. 130 ಜಿಎಸ್‌ಎಂ ಮ್ಯಾಟ್‌ನಲ್ಲಿ ಅಂಟುವುದೂ ನಿಂತಿತು. ಆದರೆ ಬೆನ್ನಿನ ಮಡಿಕೆಯಲ್ಲಿ ಬಿಳಿ ಗೆರೆ ಕಡಿಮೆಯಾಗಿದೆಯೇ ಹೊರತು ಪೂರ್ತಿ ಹೋಗಿಲ್ಲ. ಕಪ್ಪು ಹಿನ್ನೆಲೆ ಆದ್ದರಿಂದ ಎದ್ದು ಕಾಣುತ್ತದೆ.

ಮಡಿಕೆಮಾಸ್ತರ

ಕಾಗದಕ್ಕೆ ಎಳೆ ಇದೆ. ತಯಾರಿಕೆಯಲ್ಲಿ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗುತ್ತವೆ. ಅಂಗಡಿಯಲ್ಲಿ ಸಿಗುವ ಎ4 ಹಾಳೆಯಲ್ಲಿ ಎಳೆ ಹೆಚ್ಚಾಗಿ 297 ಮಿ.ಮೀ ಉದ್ದಕ್ಕೆ ಇರುತ್ತದೆ. ಡಿವಿಡಿ ಕವರ್ 273 ಮಿ.ಮೀ ಅಗಲ, ಎ4ನಲ್ಲಿ ಅಡ್ಡಡ್ಡ ಮಾತ್ರ ಕೂರುತ್ತದೆ. ಅಂದರೆ ಬೆನ್ನಿನ ಎರಡೂ ಮಡಿಕೆ ಎಳೆಯನ್ನು ಕಡಿದೇ ಬೀಳುತ್ತವೆ. ನಾರು ಮುರಿಯುತ್ತದೆ, ಮೇಲಿನ ಲೇಪ ಬಿರುಕು ಬಿಡುತ್ತದೆ, ಕೆಳಗಿನ ಬಿಳಿ ಇಣುಕುತ್ತದೆ. ನಿಮ್ಮ ಬಿಳಿ ಗೆರೆಯ ಮೂಲ ಇದು.

ಉಪಾಯ: ಎಳೆ ಉದ್ದಕ್ಕಿರುವ ಎ3 ಹಾಳೆ ತಂದು ನಡುವೆ ಅಡ್ಡಕ್ಕೆ ಕತ್ತರಿಸಿ ಎರಡು ಎ4 ಮಾಡಿ. ಎ3ಯ 420 ಮಿ.ಮೀ ಬದಿಯ ಅರ್ಧವೇ ಎ4ನ 210 ಆಗುವುದರಿಂದ, ಈಗ ಎಳೆ ಗಿಡ್ಡ ಬದಿಗೆ ಸಮಾನಾಂತರ. ಬೆನ್ನಿನ ಮಡಿಕೆಯೂ ಅದೇ ದಿಕ್ಕು. ಅದೇ ಕಾಗದ, ಅದೇ ಶಾಯಿ, ಆದರೆ ಮಡಿಕೆ ಎಷ್ಟೋ ನಯವಾಗಿ ಬರುತ್ತದೆ.

ಎಳೆ ಯಾವ ಕಡೆ ಎಂದು ತಿಳಿಯಲು ಹಾಳೆಯನ್ನು ಮಡಿಸದೆ, ಬರೀ ಬಾಗಿಸಿ ನೋಡಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಕೈಗೆ ಎದುರೊತ್ತು ಕಡಿಮೆ ಅನಿಸಿದಾಗ ಸುರುಳಿ ಯಾವ ದಿಕ್ಕಿಗೆ ಮಲಗಿದೆಯೋ ಎಳೆಯೂ ಅದೇ ದಿಕ್ಕು. ಅನುಮಾನ ಉಳಿದರೆ 5 ಸೆಂ.ಮೀ ಚೌಕದ ತುಂಡಿನ ಹಿಂಬದಿಗೆ ನೀರು ಸವರಿ, ಅದು ತಾನಾಗಿ ಸುರುಳಿ ಸುತ್ತುತ್ತದೆ. ಸುರುಳಿಯ ಅಕ್ಷವೇ ಎಳೆ.

ಇನ್ನು ಗೆರೆ ಒತ್ತುವುದು. ಸ್ಟೀಲ್ ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಮಡಿಕೆಯ ಜಾಗದಲ್ಲಿ ಒಂದೆರಡು ಸಲ ಹಗುರಾಗಿ ಎಳೆಯಿರಿ. ಅಡಿಯಲ್ಲಿ ನಾಲ್ಕೈದು ಹಾಳೆ ಕಾಗದ ಇರಲಿ, ಗಟ್ಟಿ ಮೇಜಿನ ಮೇಲೆ ಒತ್ತಿದರೆ ತಗ್ಗು ಬೀಳುವುದಿಲ್ಲ, ಕಾಗದ ಸವೆಯುತ್ತದೆ ಅಷ್ಟೇ. ಬ್ಲೇಡಿನ ಬೆನ್ನಿನಿಂದ ಗೀರಬೇಡಿ. ಅದು ನಾರನ್ನು ಕಡಿಯುತ್ತದೆ, ನಾವು ನಾರನ್ನು ತಗ್ಗಿಸಬೇಕು.

ಶಾಯಿಬುಡ್ಡಿ

ಮಾಸ್ತರೇ, ಗೆರೆ ಯಾವ ಬದೀಲಿ ಒತ್ತೋದು? ಮುದ್ರಣದ ಬದೀಲಿ ಬಾಲ್‌ಪೆನ್ ಎಳೆದ್ರೆ ಮ್ಯಾಟ್ ಲೇಪ ಮಿರುಗತ್ತೆ, ಕಪ್ಪು ಮೇಲಂತೂ ಗೆರೆ ಮೂಡೇ ಮೂಡತ್ತೆ. ಹಿಂಬದೀಲಿ ಒತ್ತೋದು ವಾಸಿ ಅಂತೀನಿ.

ಮಡಿಕೆಮಾಸ್ತರ

ಮುದ್ರಣಾಲಯದ ಕ್ರೀಸಿಂಗ್ ನಿಯಮ ಬೇರೆ. ಒತ್ತಿದಾಗ ಒಂದು ಬದಿಗೆ ತಗ್ಗು, ಇನ್ನೊಂದು ಬದಿಗೆ ಉಬ್ಬು ಬರುತ್ತದೆ. ಉಬ್ಬು ಮಡಿಕೆಯ ಒಳಗೆ ಸೇರಬೇಕು. ಕವರಿನಲ್ಲಿ ಮುದ್ರಣದ ಬದಿ ಹೊರಗಿರುವುದರಿಂದ ತಗ್ಗು ಆ ಬದಿಯಲ್ಲೇ ಬೀಳಬೇಕು. ದಪ್ಪ ಕಾರ್ಡಿನಲ್ಲಿ ಇದನ್ನು ತಿರುಗಿಸಿದರೆ ಹೊರಮೈ ಎಳೆದು ಒಡೆಯುತ್ತದೆ.

ಮಿರುಗುವ ತೊಂದರೆಗೆ ಮುದ್ರಣದ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ, ಅದರ ಮೇಲಿಂದ ಒತ್ತಿ.

ಅಳತೆಪಟ್ಟಿ

130 ಜಿಎಸ್‌ಎಂಗೆ ಇಷ್ಟೆಲ್ಲ ಬೇಕೇ ಎಂಬುದು ನನ್ನ ಪ್ರಶ್ನೆ. ಡಿವಿಡಿ ಕೇಸಿನ ಬೆನ್ನಿಗೆ ಚೂಪಾದ ಮಡಿಕೆ ಬೇಕಾಗಿಯೇ ಇಲ್ಲ. ಕೇಸಿನ ಮೂಲೆ ದುಂಡಗಿರುತ್ತದೆ, ಪ್ಲಾಸ್ಟಿಕ್ ಹಾಳೆ ಕಾಗದವನ್ನು ತಾನೇ ಒತ್ತಿ ಕೂರಿಸುತ್ತದೆ. ಉಗುರಿನಿಂದ ಪೂರ್ತಿ ಮಡಿಸಿ ತೀಡುವುದೇ ಬಿಳಿ ಗೆರೆಗೆ ಮುಖ್ಯ ಕಾರಣ. ಗೈಡಿನ ನೇರಕ್ಕೆ ಸ್ಕೇಲ್ ಇಟ್ಟು ಕಾಗದವನ್ನು ಮೇಲಕ್ಕೆತ್ತಿ ಅರ್ಧದಷ್ಟು ಬಾಗಿಸಿ ಬಿಟ್ಟರೆ ಸಾಕು. ಗೆರೆ ಒತ್ತುವುದು ನಿಜವಾಗಿ ಬೇಕಾಗುವುದು ಸಿಡಿ ಕೇಸಿನ ಹಿಂಬದಿ ಕಾರ್ಡಿಗೆ, ಅಲ್ಲಿ 90 ಡಿಗ್ರಿಯ ಮೂಲೆ ಇದೆ.

ಮಡಿಕೆಮಾಸ್ತರ

ಒಪ್ಪಿದೆ, ತೆಳು ಕಾಗದಕ್ಕೆ ನಿಮ್ಮ ಮಾತು ಸರಿ. ಲೇಸರಿನಲ್ಲಿ ಮುದ್ರಿಸುವವರು ಮಾತ್ರ ಅಷ್ಟಕ್ಕೇ ಬಿಡಬೇಡಿ. ಟೋನರು, ಅಂದರೆ ಲೇಸರಿನ ಪುಡಿ ಶಾಯಿ, ಕಾಗದದೊಳಗೆ ಇಳಿಯುವುದಿಲ್ಲ, ಪ್ಲಾಸ್ಟಿಕ್ ಪೊರೆಯಂತೆ ಮೇಲೆ ಕೂರುತ್ತದೆ, ಚೂರು ಬಾಗಿಸಿದರೂ ಉದುರುತ್ತದೆ. ಉದುರಿದ ಬಿಳಿ ಗೆರೆಗೆ ಕೊನೆಯ ಮದ್ದು: ಮಾರ್ಕರ್ ತುದಿಯಿಂದ ಹಿನ್ನೆಲೆಯ ಬಣ್ಣವನ್ನು ಮುಟ್ಟಿಯೂ ಮುಟ್ಟದಂತೆ ಸವರುವುದು.

ಟೋನರ್‌ಧೂಳು

ಲೇಸರ್ ಮಾತು ಬಂತಲ್ಲ, ಎರಡು ವಿಷಯ ಸೇರಿಸುತ್ತೇನೆ. ಮನೆಯ ಹಲವು ಲೇಸರ್ ಪ್ರಿಂಟರುಗಳ ಮಿತಿ 163 ಜಿಎಸ್‌ಎಂ, ಅದೂ ಮ್ಯಾನುಯಲ್ ಫೀಡಿನಲ್ಲಿ. ಡ್ರೈವರಿನಲ್ಲಿ 'ಹೆವಿ' ಅಥವಾ 'ಥಿಕ್' ಆರಿಸದೆ 130 ಜಿಎಸ್‌ಎಂ ಹಾಕಿದರೆ ಫ್ಯೂಸರಿನ (ಟೋನರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗದ) ಶಾಖ ಸಾಲದೆ ಬೆರಳಿಗೆ ಟೋನರ್ ಹತ್ತುತ್ತದೆ.

ಎರಡನೆಯದು ಇನ್ನೂ ಮುಖ್ಯ. ಇಂಕ್‌ಜೆಟ್ ಫೋಟೊ ಪೇಪರನ್ನು ಯಾವ ಕಾರಣಕ್ಕೂ ಲೇಸರಿಗೆ ಹಾಕಬೇಡಿ. ಅದರ ಲೇಪ ಶಾಖಕ್ಕೆ ಕರಗಿ ಫ್ಯೂಸರಿಗೆ ಮೆತ್ತಿಕೊಂಡರೆ ರಿಪೇರಿ ಮಾಡಿಸುವುದಕ್ಕಿಂತ ಹೊಸ ಪ್ರಿಂಟರು ಕೊಳ್ಳುವುದೇ ಸುಲಭ ಅನ್ನಿಸಬಹುದು.

ಒತ್ತಕ್ಷರ

ನಾಲ್ಕನೆಯ ತೊಂದರೆಯನ್ನು ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ಜಿಂಪ್‌ನಲ್ಲಿ ಟೆಕ್ಸ್ಟ್ ಬಾಕ್ಸ್ 'ಫಿಕ್ಸೆಡ್' ಇದ್ದರೆ ಬಾಕ್ಸಿನ ಆಚೆ ಹೋದದ್ದೆಲ್ಲ ಕತ್ತರಿಸಿ ಹೋಗುತ್ತದೆ. 'ಡೈನಾಮಿಕ್' ಮಾಡಿ. ಅಕ್ಷರವನ್ನು ತಿರುಗಿಸುವ ಮೊದಲು ಪೂರ್ತಿ ಕಾಣುತ್ತಿದೆಯೇ ನೋಡಿಕೊಳ್ಳಿ, ತಿರುಗಿಸಿದ ಮೇಲೆ ಅದು ಬರೀ ಚಿತ್ರ. ಸಾಧ್ಯವಿದ್ದರೆ ಚಿತ್ರದ ಕೆಲಸ ಜಿಂಪ್‌ನಲ್ಲಿ, ಅಕ್ಷರದ ಕೆಲಸ ಇಂಕ್‌ಸ್ಕೇಪ್ ಅಥವಾ ಸ್ಕ್ರೈಬಸ್‌ನಲ್ಲಿ ಇಟ್ಟುಕೊಳ್ಳಿ. ಪಿಡಿಎಫ್‌ನಲ್ಲಿ ಅಕ್ಷರ ವೆಕ್ಟರಾಗಿ (ಪಿಕ್ಸೆಲ್ ಬದಲು ಗೆರೆಗಳ ಲೆಕ್ಕವಾಗಿ) ಉಳಿದರೆ ಸಣ್ಣ ಬರಹದ ಅಂಚು ಚೊಕ್ಕ ಬರುತ್ತದೆ. ಮಿ.ಮೀ ಲೆಕ್ಕ, ಬ್ಲೀಡ್, ಕ್ರಾಪ್ ಮಾರ್ಕ್ (ಕತ್ತರಿಸುವ ಜಾಗದ ಗುರುತು) ಮೂರಕ್ಕೂ ಸ್ಕ್ರೈಬಸ್ಸೇ ಅನುಕೂಲ.

14 ಮಿ.ಮೀ ಬೆನ್ನಿನಲ್ಲಿ ಆಚೀಚೆ ತಲಾ 2 ಮಿ.ಮೀ ಬಿಟ್ಟರೆ ಉಳಿಯುವುದು 10. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ಧಾರಾಳ. ಕನ್ನಡದಲ್ಲಿ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಹಾಗಾಗಿ 18–20 ಪಾಯಿಂಟಿನ ಮೇಲೆ ಹೋಗಬೇಡಿ. 7 ಮಿ.ಮೀ ಬೆನ್ನಿನ ಸ್ಲಿಮ್ ಕೇಸಾದರೆ 9–10ಕ್ಕೇ ನಿಲ್ಲಬೇಕು.

ಇನ್ನೊಂದು ಸೂಕ್ಷ್ಮ. ಸಾಫ್ಟ್‌ವೇರು ನಡುವಿಗೆ ಕೂರಿಸುವುದು ಸಾಲಿನ ಎತ್ತರವನ್ನು, ಅಕ್ಷರದ ಒಡಲನ್ನಲ್ಲ. ಕನ್ನಡ ಫಾಂಟ್‌ಗಳಲ್ಲಿ ಒತ್ತಿಗಾಗಿ ಕೆಳಗೆ ಬಹಳ ಜಾಗ ಕಾದಿರಿಸಿರುತ್ತಾರೆ. ಒತ್ತೇ ಇಲ್ಲದ ಶೀರ್ಷಿಕೆಯನ್ನು ಬಲಕ್ಕೆ 90 ಡಿಗ್ರಿ ತಿರುಗಿಸಿದಾಗ ಅದು ಮುಂಬದಿಯ ಕಡೆಗೆ ಸರಿದಂತೆ ಕಾಣುವುದು ಇದಕ್ಕೇ. ಕಣ್ಣಳತೆಯಲ್ಲಿ ಅರ್ಧದಿಂದ ಒಂದು ಮಿ.ಮೀ ಎಡಕ್ಕೆ ತನ್ನಿ.

ಹಿಂಬದಿಯ ವಿವರಣೆಗೆ 9 ಪಾಯಿಂಟ್, ಸಾಲಿನ ಅಂತರ ಅಕ್ಷರದ ಒಂದೂವರೆಯಷ್ಟು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾದರೆ ಸ್ವಲ್ಪ ದಪ್ಪ ತೂಕದ ಫಾಂಟ್ ಆರಿಸಿ, ಸುತ್ತಲಿನ ಶಾಯಿ ಒಳಕ್ಕೆ ಹರಡಿ ತೆಳು ಗೆರೆಗಳನ್ನು ನುಂಗುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡರಲ್ಲೂ ಹಲವು ತೂಕಗಳಿವೆ. ಶೀರ್ಷಿಕೆಗೆ ಬಾಲೂ ತಮ್ಮ ಚೆನ್ನಾಗಿ ಒಪ್ಪುತ್ತದೆ.

ಹಳೆಯ 'ನುಡಿ' ತಂತ್ರಾಂಶದ ಫೈಲುಗಳಿಂದ ಪಠ್ಯ ಅಂಟಿಸುವವರು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಫಾಂಟ್ ಬದಲಿಸಿದ ಕೂಡಲೇ ಎಲ್ಲ ರೋಮನ್ ಗೋಜಲು. ಫೋಟೊಶಾಪ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ಟೈಪ್ ಆದ್ಯತೆಗಳಲ್ಲಿ 'ವರ್ಲ್ಡ್-ರೆಡಿ' ಆಯ್ಕೆ ಹಾಕಬೇಕು.

ಹಳೇಹಾಡು

ನನ್ನದು ಸಿಡಿ. ಹತ್ತು ಮಿ.ಮೀ ದಪ್ಪದ ಮಾಮೂಲಿ ಜ್ಯುವೆಲ್ ಕೇಸ್, ಅದೇ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನದು. ಮುಂದೆ ಒಂದು, ಹಿಂದೆ ಒಂದು ಕಾರ್ಡ್ ಬೇಕು. ಹಿಂದಿನದರಲ್ಲಿ ಎರಡೂ ಬದಿಗೆ ಹೆಸರು ಬರಬೇಕಲ್ಲ, ಯಾವ ಕಡೆಗೆ ಮುಖ ಮಾಡಿ ಬರೆಯೋದು ಅಂತ ತಲೆ ಕೆಟ್ಟಿದೆ.

ಅಳತೆಪಟ್ಟಿ

ಮುಂದಿನ ಕಾರ್ಡ್ 120 × 120 ಮಿ.ಮೀ, 1417 ಪಿಕ್ಸೆಲ್ ಚೌಕ. ಹಿಂದಿನದು 151 × 118: ಎಡಪಟ್ಟಿ 6.5, ನಡುವೆ 138, ಬಲಪಟ್ಟಿ 6.5. ಪಿಕ್ಸೆಲ್‌ನಲ್ಲಿ 1783 × 1394. ಬ್ಲೀಡ್ ಇದರ ಮೇಲೆ.

ಪಟ್ಟಿಯ ಬರಹಕ್ಕೆ ಒಂದೇ ಸೂತ್ರ: ಹಾಳೆ ಬಿಡಿಸಿಟ್ಟಾಗ ಎರಡೂ ಪಟ್ಟಿಗಳ ಅಕ್ಷರದ ತಲೆ ಹೊರಗಿನ ಅಂಚಿನ ಕಡೆ. ಎಡಪಟ್ಟಿಯದು ಕೆಳಗಿನಿಂದ ಮೇಲಕ್ಕೆ, ಬಲಪಟ್ಟಿಯದು ಮೇಲಿನಿಂದ ಕೆಳಕ್ಕೆ ಓದಿಸಿಕೊಳ್ಳುತ್ತದೆ. ಮಡಿಸಿದಾಗ ಹೊರಗಿನ ಅಂಚು ಕೇಸಿನ ಮುಂಬದಿಯತ್ತ ಹೋಗುತ್ತದೆ, ಹಾಗಾಗಿ ಮುಖ ಮೇಲೆ ಮಾಡಿ ಕೇಸ್ ಮಲಗಿಸಿದರೆ ಯಾವ ಪಕ್ಕದಿಂದ ನೋಡಿದರೂ ಹೆಸರು ನೆಟ್ಟಗೆ ಕಾಣುತ್ತದೆ. ಡಿವಿಡಿಯ ಬೆನ್ನಿಗೂ ಇದೇ ತರ್ಕ: ತಲೆ ಮುಂಬದಿಯ ಕಡೆ, ಓದು ಮೇಲಿನಿಂದ ಕೆಳಕ್ಕೆ.

ಎ4ನಲ್ಲಿ ಜೋಡಿಸುವಾಗ ಹಿಂದಿನ ಕಾರ್ಡಿನ 118ರ ಬದಿಯನ್ನು ಹಾಳೆಯ 297ರ ಉದ್ದಕ್ಕೆ ಇಡಿ. ಅದರ ಪಕ್ಕ 120ರ ಚೌಕ ಇಟ್ಟರೆ ಬ್ಲೀಡ್ ಸೇರಿ 124 + 126 = 250. ಒಂದು ಹಾಳೆಗೆ ಒಂದು ಪೂರ್ತಿ ಸೆಟ್. ಮಾಸ್ತರರು ಹೇಳಿದ ಎಳೆಯೂ ಹೀಗಿಟ್ಟಾಗ ಮಡಿಕೆಯ ದಿಕ್ಕಿಗೇ ಬರುತ್ತದೆ, ಎ3 ಹುಡುಕಬೇಕಾಗಿಲ್ಲ.

ಮಡಿಕೆಮಾಸ್ತರ

ಸಿಡಿಯ ಹಿಂದಿನ ಕಾರ್ಡಿಗೆ 150–160 ಜಿಎಸ್‌ಎಂ ಇರಲಿ, ಮೆತ್ತಗಿದ್ದರೆ ಡಿಸ್ಕ್ ಕೂರುವ ಟ್ರೇಯ ಅಡಿಯಲ್ಲಿ ಮಧ್ಯಭಾಗ ಉಬ್ಬುತ್ತದೆ. ಪಟ್ಟಿ 6.5ರ ಬದಲು 7 ಆದರೂ ಟ್ರೇ ಕೂರುವುದಿಲ್ಲ, ಒತ್ತಿದರೆ ಮೂಲೆ ಬಿರಿಯುತ್ತದೆ. ಕತ್ತರಿಸುವಾಗ 6.3 ಬಂದರೆ ಬೇಸರವಿಲ್ಲ.

ಟ್ರೇ ತೆಗೆಯುವ ಮುಂಚೆ ಡಿಸ್ಕ್ ತೆಗೆದಿಡಿ. ನಡುವಿನ ಹಲ್ಲು ಹಿಡಿದು ಎಳೆಯಬೇಡಿ, ಮೂಲೆಯಿಂದ ಮೆಲ್ಲಗೆ ಎಬ್ಬಿಸಿ. ಜ್ಯುವೆಲ್ ಕೇಸ್ ಪಾಲಿಸ್ಟೈರೀನ್, ಬಾಗುವುದಿಲ್ಲ, ಒಡೆಯುತ್ತದೆ. ಡಿವಿಡಿ ಕೇಸಿನ ಪಾಲಿಪ್ರೊಪಿಲೀನ್ ಸಹಿಸಿಕೊಂಡಷ್ಟನ್ನು ಇದು ಸಹಿಸದು. ಟ್ರೇ ಪಾರದರ್ಶಕವಾಗಿದ್ದರೆ ಕಾರ್ಡಿನ ಒಳಬದಿಯೂ ಕಾಣುತ್ತದೆ, ಖಾಲಿ ಬಿಡಬೇಕೆ ಎಂದು ಯೋಚಿಸಿ. 5 ಮಿ.ಮೀ ಸ್ಲಿಮ್ ಜ್ಯುವೆಲ್ ಕೇಸಿಗೆ ಹಿಂದಿನ ಕಾರ್ಡೇ ಇಲ್ಲ.

ಹಳೇಹಾಡು

ತಲೆ ಹೊರಗಡೆ, ಇದು ನೆನಪಿರತ್ತೆ. ಮುಂದಿನದನ್ನ ನಾಲ್ಕು ಪುಟದ ಪುಸ್ತಿಕೆ ಮಾಡಿದ್ರೆ?

ಅಳತೆಪಟ್ಟಿ

240 × 120ರ ಒಂದೇ ಹಾಳೆ, ನಡುವೆ ಮಡಿಕೆ. ಹೊರಬದಿಯಲ್ಲಿ ಎಡಕ್ಕೆ 4ನೇ ಪುಟ, ಬಲಕ್ಕೆ 1. ಒಳಬದಿಯಲ್ಲಿ 2, 3. ಅಡ್ಡ ಪುಟ ಆದ್ದರಿಂದ ಎರಡೂ ಬದಿ ಮುದ್ರಿಸುವಾಗ 'ಫ್ಲಿಪ್ ಆನ್ ಶಾರ್ಟ್ ಎಡ್ಜ್'. ಲಾಂಗ್ ಎಡ್ಜ್ ಇಟ್ಟರೆ ಒಳಗಿನದು ತಲೆಕೆಳಗು. ಎರಡು ಬದಿ ಒಂದಕ್ಕೊಂದು 1–2 ಮಿ.ಮೀ ಜರುಗುವುದು ಮನೆ ಪ್ರಿಂಟರಿನಲ್ಲಿ ಸಹಜ, ಆದ್ದರಿಂದ ಅಂಚಿನ ಸುತ್ತ ತೆಳು ಚೌಕಟ್ಟು ಹಾಕುವ ಆಸೆ ಬಿಡಿ. ಎರಡೂ ಬದಿ ಲೇಪವಿರುವ ಕಾಗದ ಬೇಕು. ಮಡಿಕೆಯನ್ನು ಕೇಸಿನ ಕೀಲಿನ ಕಡೆಗೆ ಮಾಡಿ ಮುಚ್ಚಳದ ನಾಲಿಗೆಗಳ ಅಡಿಗೆ ತೂರಿಸಿ.

ಬಣ್ಣದಡಬ್ಬಿ

ಬಣ್ಣದ ಬಗ್ಗೆ ಯಾರೂ ಕೇಳಿಲ್ಲ, ಆದರೆ ಕಪ್ಪು ಹಿನ್ನೆಲೆ ಎಂದ ಕೂಡಲೇ ನನಗೆ ಗೊತ್ತಾಗುತ್ತದೆ: ಮುಂದಿನ ದೂರು 'ಪರದೆಯಲ್ಲಿ ಚೆನ್ನಾಗಿತ್ತು, ಪ್ರಿಂಟಿನಲ್ಲಿ ಕತ್ತಲು'.

ಪರದೆ ಬೆಳಕು ಬೀರುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಮ್ಯಾಟ್ ಕಾಗದದಲ್ಲಂತೂ ನೆರಳಿನ ವಿವರಗಳು ಒಂದಕ್ಕೊಂದು ಬೆಸೆದುಹೋಗುತ್ತವೆ. ಬೆಳಕು-ನೆರಳು ತಿದ್ದುವ 'ಕರ್ವ್ಸ್' ಆಯ್ಕೆಯಲ್ಲಿ ನೆರಳಿನ ಭಾಗ ಮತ್ತು ಮಧ್ಯಭಾಗವನ್ನು ತುಸು ಎತ್ತಿ. ಎಷ್ಟು ಎಂಬುದು ಪ್ರಿಂಟರಿಗೊಂದು, ಕಾಗದಕ್ಕೊಂದು. ಅದಕ್ಕೇ ಪಟ್ಟಿ ಪರೀಕ್ಷೆ: ಕವರಿನ ಅತಿ ಕತ್ತಲಿನ ಜಾಗ ಮತ್ತು ಒಂದು ಮುಖ ಬರುವಂತೆ 30 ಮಿ.ಮೀ ಅಗಲದ ತುಂಡನ್ನು ಮೂರು ಬೇರೆ ಪ್ರಮಾಣದಲ್ಲಿ ಎತ್ತಿ ಒಂದೇ ಹಾಳೆಯ ಮೇಲೆ ಮುದ್ರಿಸಿ, ಒಣಗಿದ ಮೇಲೆ ಕೇಸಿನ ಪ್ಲಾಸ್ಟಿಕ್ಕಿನೊಳಗೆ ಇಟ್ಟು ಹಗಲು ಬೆಳಕಿನಲ್ಲಿ ನೋಡಿ. ಹೊರಗಿಟ್ಟು ನೋಡಿದರೆ ಬೇರೆಯೇ ಕಾಣುತ್ತದೆ.

ಮನೆ ಪ್ರಿಂಟರಿಗೆ ಸಿಎಂವೈಕೆ (ಮುದ್ರಣಾಲಯದ ನಾಲ್ಕು ಶಾಯಿಗಳ ಲೆಕ್ಕದ) ಫೈಲ್ ಕಳಿಸುವ ಹುಚ್ಚು ಬೇಡ. ಡ್ರೈವರ್ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದ ಆರ್‌ಜಿಬಿಯನ್ನೇ ಬಯಸುತ್ತದೆ, ಅದರಲ್ಲಿ ಸಾಮಾನ್ಯ ಬಗೆಯಾದ ಎಸ್‌ಆರ್‌ಜಿಬಿ ಇಟ್ಟರೆ ಸಾಕು. ಬಣ್ಣದ ಹೊಂದಾಣಿಕೆ ಸಾಫ್ಟ್‌ವೇರಿನಲ್ಲಿ ಅಥವಾ ಡ್ರೈವರಿನಲ್ಲಿ, ಒಂದೇ ಕಡೆ ಇರಬೇಕು. ಎರಡೂ ಕಡೆ ಇದ್ದರೆ ಚರ್ಮದ ಬಣ್ಣ ಕೆಂಪಡರುತ್ತದೆ. ಕಪ್ಪಿನಲ್ಲಿ ಅಡ್ಡ ಗೆರೆಗಳು ಬಂದರೆ ನಾಝಲ್ ಚೆಕ್ (ಶಾಯಿಯ ತೂತು ಕಟ್ಟಿದೆಯೇ ನೋಡುವ ಪರೀಕ್ಷೆ) ಮಾಡಿ, ಅದು ಸರಿಯಿದ್ದರೆ ಪ್ರಿಂಟ್ ಗುಣಮಟ್ಟವನ್ನು 'ಹೈ'ಗೆ ಏರಿಸಿ.

ಚಿತ್ರಗಳ ವಿಷಯ. ಮುಂಬದಿಯ 129.5 ಮಿ.ಮೀ ಅಗಲಕ್ಕೆ 300 ಡಿಪಿಐನಲ್ಲಿ 1530 ಪಿಕ್ಸೆಲ್ ಬೇಕು. 1000 ಪಿಕ್ಸೆಲ್ ಇದ್ದರೆ 196 ಆಗುತ್ತದೆ, ಪರವಾಗಿಲ್ಲ. 500 ಪಿಕ್ಸೆಲ್‌ಗೆ 98, ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ಫೈಲಿನ ಡಿಪಿಐ ಅಂಕಿಯನ್ನು 72ರಿಂದ 300ಕ್ಕೆ ಬದಲಿಸಿದ ಮಾತ್ರಕ್ಕೆ ಹೊಸ ವಿವರ ಹುಟ್ಟುವುದಿಲ್ಲ. ವಿಡಿಯೊದಿಂದ ತೆಗೆದ 720 × 576ರ ಚೌಕಟ್ಟನ್ನು ಮುಂಬದಿ ತುಂಬ ಹಿಗ್ಗಿಸುವ ಬದಲು ಹಿಂಬದಿಯಲ್ಲಿ ಚಿಕ್ಕದಾಗಿ, 50–60 ಮಿ.ಮೀ ಅಗಲಕ್ಕೆ ಇಡಿ.

ಖಾಲಿಕೇಸು

ಹಿಂಬದಿಗೆ ಮೂರು ಚೌಕಟ್ಟು ಸಾಲಾಗಿ ಇಟ್ಟೆ, ಚೊಕ್ಕವಾಗಿದೆ. ಬೆನ್ನಿಗೆ ಕೆಂಪು, ಆಚೀಚೆ ಕಪ್ಪು ಇಟ್ಟಿದ್ದೇನೆ. ಕತ್ತರಿಸಿ ಹಾಕಿದಾಗ ಕೆಂಪು ಒಂದು ಮಿ.ಮೀ ಮುಂಬದಿಗೆ ಇಣುಕುತ್ತದೆ. ಅಳತೆ ನೋಡಿದರೆ 14 ಸರಿಯಾಗೇ ಇದೆ.

ಅಳತೆಪಟ್ಟಿ

ಅಗಲ ಸರಿ, ಜಾಗ ತಪ್ಪಿದೆ. ಹಿಂಬದಿಯ ಅಂಚನ್ನು ಒಂದು ಮಿ.ಮೀ ಹೆಚ್ಚು ಬಿಟ್ಟು ಕತ್ತರಿಸಿದರೆ ಇಡೀ ಕವರ್ ಅಷ್ಟು ಮುಂದಕ್ಕೆ ತಳ್ಳಲ್ಪಡುತ್ತದೆ. ಮೊದಲು ಎಡ ಮತ್ತು ಬಲ ಭಾಗಗಳನ್ನು ಅಳೆದು ನೋಡಿ, ಎರಡೂ 129.5 ಇರಬೇಕು. ಕೇಸಿನಿಂದ ಕೇಸಿಗೂ ಚೂರು ವ್ಯತ್ಯಾಸ ಇದ್ದೇ ಇರುತ್ತದೆ, ಹಾಗಾಗಿ ಬೆನ್ನಿಗೆ ಬೇರೆ ಬಣ್ಣ ಕೊಡುವುದೇ ಮನೆ ಕೆಲಸದಲ್ಲಿ ದುಬಾರಿ ಆಸೆ. ಹಿನ್ನೆಲೆ ಮೂರೂ ಭಾಗಕ್ಕೆ ಹರಿಯಲಿ, ಬೆನ್ನಿನಲ್ಲಿ ಬರೀ ಅಕ್ಷರ ಇರಲಿ. ಒಂದು ಮಿ.ಮೀ ಜರುಗಿದರೂ ಕಣ್ಣಿಗೆ ಬೀಳದು. ಕೆಂಪು ಬೇಕೇ ಬೇಕೆಂದರೆ ಅಂಚನ್ನು ಗಡಿಗೆರೆಯಾಗಿಸದೆ 4–5 ಮಿ.ಮೀ ಉದ್ದಕ್ಕೆ ಕಪ್ಪಿನಲ್ಲಿ ಕರಗಿಸಿ.

ಶಾಯಿಬುಡ್ಡಿ

ಕತ್ತರಿ ಬಿಟ್ಟು ಕಟರ್ ಹಿಡೀರಿ ಮೊದಲು. ಸ್ಟೀಲ್ ಸ್ಕೇಲು, ಹೊಸ ಬ್ಲೇಡು, ಕೆಳಗೆ ಕಟಿಂಗ್ ಮ್ಯಾಟ್. ಸ್ಕೇಲನ್ನ ಕವರ್ ಮೇಲೆ ಇಡಿ, ಬಿಸಾಡೋ ಕಡೆ ಇಡಬೇಡಿ. ಬ್ಲೇಡ್ ಜಾರಿದ್ರೆ ಬಿಸಾಡೋ ಕಡೆಗೇ ಜಾರಲಿ. ಒಂದೇ ಏಟಿಗೆ ಒತ್ತಿ ಕೊಯ್ಯಬೇಡಿ, ಹಗುರವಾಗಿ ಎರಡು ಮೂರು ಸಲ. ಅಂಚಲ್ಲಿ ನಾರು ಎದ್ರೆ ಬ್ಲೇಡ್ ಮೊಂಡಾಗಿದೆ ಅಂತ ಅರ್ಥ, ತುದಿ ಮುರಿದು ಹೊಸದು ತೆಗೀರಿ.

ಎತ್ತರ 183ರ ಬದಲು 182.5 ಮಾಡಿ. ಬಿಗಿಯಾದ್ರೆ ಕಾಗದ ನಡುವೆ ಬಿಲ್ಲಿನ ಹಾಗೆ ಬಾಗತ್ತೆ. ಕೆಳಗಿನ ಎರಡು ಮೂಲೆ ಒಂದೆರಡು ಮಿ.ಮೀ ದುಂಡಗೆ ಮಾಡಿದ್ರೆ ಪ್ಲಾಸ್ಟಿಕ್ಕಿನ ಹೊಲಿಗೆಗೆ ಸಿಕ್ಕಿಹಾಕಿಕೊಳ್ಳಲ್ಲ.

ತೂರಿಸುವಾಗ ಕೇಸ್ ಪೂರ್ತಿ ಅಗಲಿಸಿ ಮೇಜಿನ ಮೇಲೆ ಚಪ್ಪಟೆ ಇಡಿ. ಮುಚ್ಚಿದ್ರೆ ಹೊರಗಿನ ಹಾಳೆ ಬಿಗಿಯತ್ತೆ, ತೆರೆದ್ರೆ ಸಡಿಲ. ಕವರ್‌ನ ಎರಡೂ ಕಡೆ ಒಟ್ಟಿಗೆ ಮೇಲಿಂದ ಇಳಿಸಿ, ಒಂದು ಕಡೆ ಪೂರ್ತಿ ಇಳಿಸಿ ಆಮೇಲೆ ಇನ್ನೊಂದು ಅಂದ್ರೆ ಬೆನ್ನು ಸುಕ್ಕಾಗತ್ತೆ. ಸ್ಥಾಯಿ ವಿದ್ಯುತ್ತಿಗೆ ಅಂಟ್ತಿದ್ರೆ ಮೊದಲು ಒಂದು ಗಟ್ಟಿ ಕಾರ್ಡ್ ತೂರಿಸಿ ದಾರಿ ಮಾಡ್ಕೊಳ್ಳಿ.

ಇದೆಲ್ಲಕ್ಕೂ ಮುಂಚೆ ಒಣಗೋಕೆ ಬಿಡಿ. ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಶಾಯಿಯಲ್ಲಿರೋ ನಿಧಾನ ಆರೋ ದ್ರವ ಒಳಗೇ ಇರತ್ತೆ, ಪ್ಲಾಸ್ಟಿಕ್ಕಿನೊಳಗೆ ಸೇರಿ ಮಂಜು ಕಟ್ಟತ್ತೆ. ಮೇಲೊಂದು ಸಾಧಾರಣ ಹಾಳೆ ಹಾಕಿ ಒಂದು ದಿನ ಬಿಟ್ರೆ ಅದು ಹೀರಿಕೊಳ್ಳತ್ತೆ.

ನೀಲಿಪೆಟ್ಟಿಗೆ

ಬ್ಲೂ-ರೇಗೂ ಇದೇ ಟೆಂಪ್ಲೇಟ್ ಆಗುತ್ತಾ?

ಅಳತೆಪಟ್ಟಿ

ಆಗುವುದಿಲ್ಲ. ಎತ್ತರ 148–149 ಮಿ.ಮೀ ಅಷ್ಟೇ, ಬೆನ್ನು ಕೇಸಿನ ತಯಾರಿಗೆ ತಕ್ಕಂತೆ 11ರಿಂದ 14ರವರೆಗೂ ಬದಲಾಗುತ್ತದೆ. ಇಲ್ಲಿ ಸಿದ್ಧ ಅಂಕಿ ನಂಬುವುದಕ್ಕಿಂತ ಕೇಸಿನಲ್ಲಿರುವ ಹಳೆಯ ಕವರ್ ತೆಗೆದು ಅಳೆಯುವುದೇ ವಾಸಿ. ಕೇಸ್ ಖಾಲಿಯಾಗಿ ಬಂದಿದ್ದರೆ 20 ಮಿ.ಮೀ ಅಗಲದ ಕಾಗದದ ಪಟ್ಟಿಯನ್ನು ಪ್ಲಾಸ್ಟಿಕ್ಕಿನೊಳಗೆ ಈ ತುದಿಯಿಂದ ಆ ತುದಿಗೆ ತೂರಿಸಿ, ಕೇಸ್ ಮುಚ್ಚಿ, ಬೆನ್ನಿನ ಎರಡು ಮೂಲೆಯನ್ನು ಉಗುರಿನಿಂದ ಗುರುತು ಮಾಡಿ ಹೊರತೆಗೆದು ಅಳೆಯಿರಿ. ನಾಲ್ಕು, ಆರು ಡಿಸ್ಕ್ ಹಿಡಿಯುವ ದಪ್ಪ ಡಿವಿಡಿ ಕೇಸುಗಳಿಗೂ ಇದೇ ದಾರಿ. ಆದರೆ ಬೆನ್ನು ದಪ್ಪವಾದಷ್ಟೂ ಎ4 ಇಕ್ಕಟ್ಟಾಗುತ್ತದೆ: 27 ಮಿ.ಮೀ ಬೆನ್ನಿಗೆ ಅಗಲ 286, ಬ್ಲೀಡ್ ಸೇರಿ 292, ಉಳಿಯುವುದು ಬದಿಗೆ ಎರಡೂವರೆ ಮಿ.ಮೀ. ಹೆಚ್ಚಿನ ಪ್ರಿಂಟರುಗಳಿಗೆ ಅದು ಎಟುಕದು, ಅಲ್ಲಿ ಬ್ಲೀಡನ್ನು ಒಂದು ಮಿ.ಮೀಗೆ ಇಳಿಸಿ.

ಎ4 ಬದಲು ಲೆಟರ್ ಅಳತೆಯ ಹಾಳೆ ಬಳಸುವವರಿಗೆ ಈ ಇಕ್ಕಟ್ಟು ಮಾಮೂಲಿ ಡಿವಿಡಿಗೇ ಬರುತ್ತದೆ. ಅದರ ಉದ್ದ 279.4 ಮಾತ್ರ.

ಖಾಲಿಕೇಸು

ಹಿನ್ನೆಲೆಯನ್ನು ಒಂದೇ ಕಪ್ಪು ಮಾಡಿ, ಅಂಚು ಸರಿಪಡಿಸಿದೆ, ಈಗ ಬೆನ್ನು ನೆಟ್ಟಗಿದೆ. ಕೊನೆಯ ಪ್ರಶ್ನೆ: ಡಿಸ್ಕಿನ ಮೇಲೆ ಅಂಟಿಸಲು ಇದೇ ಡಿಸೈನಿನ ದುಂಡು ಸ್ಟಿಕರ್ ಮಾಡಬಹುದೆ?

ಟೋನರ್‌ಧೂಳು

ಕಾಗದದ ಸ್ಟಿಕರ್ ಬೇಡ. ಅರ್ಧ ಮಿ.ಮೀ ಓರೆಯಾಗಿ ಅಂಟಿದರೂ ವೇಗವಾಗಿ ತಿರುಗುವಾಗ ಡಿಸ್ಕ್ ಅದುರುತ್ತದೆ. ಡ್ರೈವಿನ ಬಿಸಿಗೆ ಅಂಚು ಎದ್ದರೆ, ಬಾಯೊಳಗೆ ನುಂಗುವ ಬಗೆಯ ಸ್ಲಾಟ್ ಡ್ರೈವಿನಲ್ಲಿ ಡಿಸ್ಕೇ ಸಿಕ್ಕಿಕೊಳ್ಳುತ್ತದೆ. ಮುದ್ರಿಸಬಹುದಾದ ಬಿಳಿ ಮೈಯ ಡಿಸ್ಕುಗಳು ಸಿಗುತ್ತವೆ, ಡಿಸ್ಕ್ ಟ್ರೇ ಇರುವ ಇಂಕ್‌ಜೆಟ್ ಇದ್ದರೆ ನೇರ ಅದರ ಮೇಲೆ ಮುದ್ರಿಸಿ. ಹೊರವ್ಯಾಸ 118, ಒಳವ್ಯಾಸ 22–23 ಮಿ.ಮೀ ಇಡುವುದು ರೂಢಿ, ಡಿಸ್ಕಿನ ಪೊಟ್ಟಣದ ಮೇಲಿನ ಅಂಕಿ ನೋಡಿಕೊಳ್ಳಿ. ಆ ಸೌಲಭ್ಯವಿಲ್ಲದಿದ್ದರೆ ಡಿಸ್ಕಿಗೆಂದೇ ಮಾಡಿದ ಮೆತ್ತನೆ ತುದಿಯ ಮಾರ್ಕರಿನಲ್ಲಿ ಹೆಸರು ಬರೆಯಿರಿ.

ಬಾಲ್‌ಪೆನ್ ಮಾತ್ರ ಬೇಡ, ಅದರಲ್ಲೂ ಸಿಡಿಗೆ. ಡಿವಿಡಿಯಲ್ಲಿ ದತ್ತಾಂಶದ ಪದರ ಎರಡು 0.6 ಮಿ.ಮೀ ತಟ್ಟೆಗಳ ನಡುವೆ ಇದೆ, ಸಿಡಿಯಲ್ಲಿ ಅದು ಹೆಸರು ಬರೆಯುವ ಬದಿಯ ತೆಳು ಮೆರುಗೆಣ್ಣೆಯ ಕೆಳಗೇ ಇದೆ. ಚೂಪು ತುದಿ ಅದನ್ನು ಗೀರಿದರೆ ಅಲ್ಲಿಯ ಹಾಡು ಹೋಯಿತು.

ಹಳೇಹಾಡು

ಸರಿ, ನನ್ನ ಸಿಡಿಗಳಿಗೂ ಮಾರ್ಕರ್ರೇ. ಪಟ್ಟಿ 6.3ಕ್ಕೆ ಕತ್ತರಿಸಿದೆ, ಟ್ರೇ ಟಕ್ಕಂತ ಕೂತಿತು.